ತದಡಿ ಬೋಟಲ್ಲಿ ಕಲ್ತು ಪೋರ್ಟ್ ಆರ್ಥರಲ್ಲಿ ಇಳಿದಿದ್ದು: ನನ್ನ ಅನುಭವ

ಕಾರವಾರದಿಂದ ವಯಸ್ಸಾದವ್ರನ್ನ ಕಟ್ಕೊಂಡು ಟೂರ್ ಮಾಡೋನು ನಾನು. ಕಾಶಿ, ಅಂಡಮಾನ್ ಎಲ್ಲ ಆಗಿ ಈಗ ಸಿಡ್ನಿಯಿಂದ ಹೊರಡೋ ಕ್ರೂಸಿಗೆ ಬಂದು ನಿಂತಿದೀನಿ. ಹೋದ್ ಸಲ ಎಂಟು ಜನ, ಅದ್ರಲ್ಲಿ ಆರು ಮಂದಿ ಎಪ್ಪತ್ತು ದಾಟಿದವ್ರು, ಎಲ್ಲರನ್ನೂ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪೋರ್ಟ್ ಆರ್ಥರಲ್ಲಿ ಇಳ್ಸಿ, ಅಲ್ಲಿನ ಬ್ರಿಟಿಷರ ಕಾಲದ ಜೈಲು ಪೂರ್ತಿ ತೋರ್ಸಿ, ಒಬ್ರಿಗೂ ಒಂದು ಗೀರು ಆಗ್ದೆ ವಾಪಸ್ ಹಡಗು ಹತ್ತಿಸ್ದೆ. ಆಗೋ ಮಾತಲ್ಲ ಅಂದವ್ರು ಓದ್ಲಿ ಅಂತಾನೇ ಬರೀತಿರೋದು.

ವೀಸಾ, ಇನ್ಶೂರೆನ್ಸ್, ಕ್ಯಾಬಿನ್ನು ಎಲ್ಲ ನಿಮಗೆ ಗೊತ್ತಿದ್ದಿದ್ದೇ. ತಲೆನೋವು ಟೆಂಡರ್ ಬೋಟಿಂದು. ದೊಡ್ಡ ಹಡಗು ಅಲ್ಲಿ ದಡಕ್ಕೆ ಬರೋದಿಲ್ಲ, ಕೊಲ್ಲಿಯಲ್ಲೇ ಲಂಗರು ಹಾಕ್ತದೆ, ಹಡಗಿನ ಹೊಟ್ಟೆ ಬಾಗಿಲಿಂದ ಸಣ್ಣ ಬೋಟಿಗೆ ಕಾಲಿಡ್ಬೇಕು, ಆ ಬೋಟು ಅಡಿ ಒಂದೂವರೆ ಅಡಿ ಏರೋದು ಇಳಿಯೋದು ಮಾಡ್ತಾನೇ ಇರ್ತದೆ.

ಮೊದಲ್ನೇ ಸಲ ಬೋಟಿನ ತನಕ ಹೋಗೋ ಯೋಗಾನೇ ಬರ್ಲಿಲ್ಲ. ಗಾಳಿ ಜೋರು ಅಂತ ಕ್ಯಾಪ್ಟನ್ ಪೋರ್ಟೇ ಕ್ಯಾನ್ಸಲ್ ಮಾಡ್ದ. ನಾನು ಬುದ್ಧಿವಂತ, ಪಾಂಪ್ಲೆಟಲ್ಲಿ 'ಗ್ಯಾರಂಟಿ' ಅಂತ ಹಾಕ್ಸಿದ್ದೆ, ಊರಿಗೆ ಬಂದ್ಮೇಲೆ ತಲೆಗೆ ಐದು ಸಾವಿರದ ಹಾಗೆ ಎಂಟು ಜನಕ್ಕೆ ಎಣಿಸಿ ಕೊಟ್ಟೆ. ಎರಡ್ನೇ ಸಲ ಸಮುದ್ರ ಕೆರೆ ಹಾಗಿತ್ತು, ಆದ್ರೆ ಬಾಗಿಲ ಹತ್ರ ಹೋಗಿ ಮೂರು ಜನ ಮರಗಟ್ಟಿ ನಿಂತ್ರು, ಹಿಂದೆ ಲೈನು, ಸಿಬ್ಬಂದಿ ಬನ್ನಿ ಬನ್ನಿ ಅಂತಾರೆ, ಇವ್ರು ಕಾಲು ಎತ್ತೋದೇ ಇಲ್ಲ. ಅವ್ರ ಹೆಸರಲ್ಲಿ ಹಡಗಲ್ಲೇ ಟೂರ್ ಟಿಕೆಟ್ ತಗೊಂಡಿದ್ದೆ, ತಲೆಗೆ ನೂರ ಚಿಲ್ರೆ ಡಾಲರ್, ಎಲ್ಲ ನೀರಿಗೆ ಹೋಯ್ತು. ಎರಡೂ ಸೇರಿ ಅರವತ್ತು ಸಾವಿರದ ಹತ್ರ ಕೈ ಬಿಡ್ತು.

ಆಮೇಲೆ ಒಂದಿನ ಬೇರೆ ಕೆಲಸಕ್ಕೆ ಗೋಕರ್ಣದ ಹತ್ರದ ತದಡಿಗೆ ಹೋಗಿದ್ದೆ. ಹೊಳೆ ಆಚೆಯ ಅಘನಾಶಿನಿ ಊರಿಗೆ ದಾಟೋ ಬೋಟಿಗೆ ಮೀನು ಮಾರೋ ಅಮ್ಮ ಒಬ್ರು, ನನ್ನ ಅಜ್ಜಿಗಳಷ್ಟೇ ವಯಸ್ಸು, ಬುಟ್ಟಿ ತಲೆ ಮೇಲೆ ಇಟ್ಕೊಂಡೇ ಹತ್ತಿದ್ರು. ನಾನು ಅವ್ರ ಕಾಲೇ ನೋಡ್ತಾ ನಿಂತೆ. ಬೋಟು ಇಳಿಯುವಾಗ ಸುಮ್ನೆ ನಿಲ್ತಾರೆ, ಮೇಲೆ ಬಂದು ಒಂದು ಕ್ಷಣ ನಿಲ್ತದಲ್ಲ, ಆವಾಗ ಕಾಲು ಇಡ್ತಾರೆ. ಅಷ್ಟೇ ವಿದ್ಯೆ!

ಮುಂದಿನ ತಂಡದವ್ರನ್ನ ಮೂರು ಭಾನುವಾರ ಶಿರಸಿಯಿಂದ ಟೆಂಪೋದಲ್ಲಿ ತದಡಿಗೆ ತಂದು ಆ ದಡ ಈ ದಡ ಓಡಾಡ್ಸಿದೆ. ಕೈಯಲ್ಲಿ ಚೀಲ ಇರಕೂಡದು, ಬೋಟಿನವನ ಬೆರಳು ಹಿಡಿಯೋದಲ್ಲ, ಮಣಿಕಟ್ಟು ಹಿಡೀಬೇಕು, ಅವನೂ ನಿಮ್ಮದು ಹಿಡೀಬೇಕು. ಟೆಂಪೋ, ಬೋಟು, ಊಟ ಎಲ್ಲ ಸೇರಿ ಹನ್ನೆರಡು ಹದಿಮೂರು ಸಾವಿರ ಆಗಿರ್ಬೇಕು. ನಮ್ಮ ಲೈನಿನ ಗೆಳೆಯ ಒಬ್ಬ ನಕ್ಕಿದ್ದೇ ನಕ್ಕಿದ್ದು, "ಅಜ್ಜಿಯರಿಗೆ ಬೋಟ್ ಕ್ಲಾಸಾ ಮಾರಾಯ, ಜೈಲೇ ತೋರ್ಸೂದಾದ್ರೆ ಪೋರ್ಟ್ ಬ್ಲೇರಿಗೆ ಕರ್ಕೊಂಡು ಹೋಗು, ಸೆಲ್ಯುಲರ್ ಜೈಲು ನಮ್ದೇ ಅಲ್ವಾ" ಅಂದ.

ಟೆಂಪೋ ಹೇಗೂ ದೇವಿಮನೆ ಘಟ್ಟ ಇಳೀಲೇ ಬೇಕಲ್ಲ, ಅದ್ರಲ್ಲೇ ವಾಂತಿ ತಡೆಯೋ ಪ್ರಯೋಗಾನೂ ಮಾಡ್ದೆ. ಅರ್ಧ ಜನಕ್ಕೆ ಮುರುಗಲು (ಕೋಕಂ) ಪಾನಕ, ಅರ್ಧ ಜನಕ್ಕೆ ಮಾತ್ರೆ. ಪಾನಕದವ್ರೇ ಮೊದಲು ಗಾಡಿ ನಿಲ್ಸಿದ್ರು. ಶುಂಠಿ ಬೆಲ್ಲ ಇಬ್ಬರಿಗೆ ಪರವಾಗಿಲ್ಲ ಅನ್ಸ್ತು, ಆದ್ರೆ ಹಡಗಲ್ಲಿ ಡಾಕ್ಟರ್ ಬರ್ಕೊಟ್ಟ ಮಾತ್ರೆಯೇ.

ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟಲ್ಲಿ ಒಂದು ಎಡವಟ್ಟಾಯ್ತು. ಹಣ್ಣು ಹಡಗಿಂದ ದಡಕ್ಕೆ ತರ್ಬೇಡಿ ಅಂತ ಹತ್ತು ಸಲ ಹೇಳಿದ್ರೂ ಯಜಮಾನ್ರೊಬ್ರು ಹಡಗಿನ ಬಫೆಯಿಂದ ಸೇಬು ಜೇಬಿಗೆ ಹಾಕಿದ್ರು, ದಕ್ಕೆಯಲ್ಲಿ ತಪಾಸಣೆ ನಾಯಿ ಬಂದು ಅವ್ರ ಪಕ್ಕ ಕೂತೇ ಬಿಡ್ತು. ಸೇಬು ತೊಟ್ಟಿಗೆ ಹೋಯ್ತು, ದಂಡ ಆಗ್ಲಿಲ್ಲ, ಪುಣ್ಯ.

ಪೋರ್ಟ್ ಆರ್ಥರಲ್ಲಿ ಎಂಟೂ ಜನ ಪಟಪಟ ಬೋಟಿಗೆ ಕಾಲಿಟ್ರು. ಮೊದಲ ಬೋಟುಗಳಲ್ಲೇ ನಮ್ಮ ನಂಬರ್ ಬರೋ ಹಾಗೆ ಹೇಗೆ ಮಾಡ್ದೆ ಅಂತ ಹೇಳೋದಿಲ್ಲ, ಅದು ನನ್ನ ಹೊಟ್ಟೆಪಾಡು. ಇಳಿದವ್ರೆಲ್ಲ ನೀರಿನ ಪಕ್ಕದ ಪೆನಿಟೆನ್ಷರಿಗೆ, ಅಂದ್ರೆ ಕೈದಿಗಳನ್ನ ಇಟ್ಟಿದ್ದ ದೊಡ್ಡ ಕಟ್ಟಡಕ್ಕೆ ನುಗ್ತಾರೆ. ನಾನು ಉಲ್ಟಾ, ಕಾಲಲ್ಲಿ ಶಕ್ತಿ ಇರುವಾಗ್ಲೇ ಏರಿ ಮೇಲಿನ ಸೆಪರೇಟ್ ಪ್ರಿಸನ್ನಿಗೆ ಮೊದಲು ಕರ್ಕೊಂಡು ಹೋದೆ. 1849-50ರ ಹೊತ್ತಿಗೆ ಕಟ್ಟಿದ್ದು. ದಿನಕ್ಕೆ 23 ತಾಸು ಒಬ್ನೇ ಕೋಣೆಯಲ್ಲಿ, ಹೊರಗೆ ಬಂದ್ರೆ ಮುಖಕ್ಕೆ ಮುಸುಕು, ಹೆಸರಿಲ್ಲ ನಂಬರ್ ಮಾತ್ರ, ಮಾತು ಬಂದ್. ಅಲ್ಲಿ ಪ್ರಾರ್ಥನೆ ಮಾಡೋ ಜಾಗದಲ್ಲೂ ಒಬ್ಬೊಬ್ರಿಗೆ ಒಂದೊಂದು ಕಟ್ಟಿಗೆ ಗೂಡು, ಪಕ್ಕದವ ಕಾಣೋದಿಲ್ಲ, ಎದುರಿಗಿರೋ ಪಾದ್ರಿ ಮಾತ್ರ ಕಾಣ್ತಾನೆ. ಶಿರಸಿ ಕಡೆ ಅಮ್ಮ ಒಬ್ರು ಗೂಡೊಳಗೆ ನಿಂತು, ಎಡಕ್ಕೆ ತಿರುಗಿ ಗಂಡನ್ನ ಕರೆದ್ರು, ಅವ್ರು ಪಕ್ಕದ ಗೂಡಲ್ಲೇ ಇದ್ರೂ ಕಾಣ್ಲಿಲ್ಲ. ಹೊರಗೆ ಬಂದು "ತಮಾ, ಮಾತಾಡದ್ದೆ ಇಪ್ಪದು ಹ್ಯಾಂಗಾ?" ಅಂದ್ರು.

ಪೆನಿಟೆನ್ಷರಿ ಮೊದಲು ಹಿಟ್ಟಿನ ಗಿರಣಿ, 1845ರದ್ದು, ಅದು ಕೈಗೆ ಹತ್ತದೆ 1857ರಲ್ಲಿ ಕೈದಿಗಳನ್ನ ತುಂಬಿದ್ರು. ಲಾಸು ನನಗೊಬ್ನಿಗೇ ಅಲ್ಲ ಅಂತ ಸಮಾಧಾನ ಆಯ್ತು. ನಮ್ಮ ರಿಟೈರ್ಡ್ ಹೆಡ್ ಮಾಸ್ತರು ಆಚೆ ದಡದ ಪಾಯಿಂಟ್ ಪ್ಯೂರ್ ನೋಡ್ತಾ ತುಂಬಾ ಹೊತ್ತು ನಿಂತ್ರು, ಅದು ಹುಡುಗರ ಜೈಲು, 1834ರಿಂದ 1849ರ ತನಕ, ಒಂಬತ್ತು ವರ್ಷದವ್ರೂ ಇದ್ರಂತೆ.

ಒಂದು ತಪ್ಪು ನನ್ನದು. 1996ರಲ್ಲಿ ಅಲ್ಲಿ ಗುಂಡಿಟ್ಟು 35 ಜನರನ್ನ ಕೊಂದಿದ್ದ ಒಬ್ಬ, ಅದಕ್ಕೆ ಸ್ಮಾರಕ ತೋಟ ಇದೆ. ಅದರ ಬಗ್ಗೆ ಅಲ್ಲಿನ ಕೆಲಸದವ್ರನ್ನ ಕೇಳ್ಬೇಡಿ ಅಂತ ಮೊದಲೇ ಹೇಳ್ಬೇಕಿತ್ತು. ನಮ್ಮವ್ರೊಬ್ರು ಅಲ್ಲಿ ಕೆಲಸ ಮಾಡೋ ಹೆಂಗಸೊಬ್ರನ್ನ ಜೋರಾಗಿ ಕೇಳೇ ಬಿಟ್ರು, ಆ ಹೆಂಗಸಿನ ಮುಖ ಇಳಿದೋಯ್ತು. ಈಗ ತದಡಿಯಲ್ಲೇ ಹೇಳ್ಬಿಡ್ತೀನಿ.

ತಲೆಗೆ ಎರಡೂ ಮುಕ್ಕಾಲು ಲಕ್ಷದ ಆಸುಪಾಸು ತಗೊಂಡಿದ್ದೆ, ಹಳೇ ಅರವತ್ತು ಸಾವಿರ ತೀರಿ ಮೇಲೆ ಸ್ವಲ್ಪ ಉಳೀತು, ಎಷ್ಟು ಅಂತ ಕೇಳ್ಬೇಡಿ. ಪಾಂಪ್ಲೆಟಲ್ಲಿ 'ಗ್ಯಾರಂಟಿ' ಹೋಗಿ 'ಹವಾಮಾನ ನೋಡ್ಕೊಂಡು' ಬಂದಿದೆ. ಮುಂದಿನ ತಂಡಕ್ಕೆ ದಸರಾ ಕಳೆದ ಮೇಲೆ ತದಡಿ ಶುರು, ಮಳೆಗಾಲದಲ್ಲಿ ಆ ಹೊಳೆ ಸಹವಾಸ ಬೇಡ.