ಸಂಬಳ ಮುಟ್ಟದೆ ಗೇಮ್ ಸಂಗ್ರಹ: ಡ್ರಿಫ್ಟ್ ಆದ ಕಂಟ್ರೋಲರ್‌ಗಳಿಂದ ಬಂದ ದುಡ್ಡು

ಹಳೆಯ ಗೇಮ್ ಸಂಗ್ರಹಕ್ಕೆ ಬೇಕಾದ ದುಡ್ಡನ್ನು ಮೈಸೂರಿನಲ್ಲಿ ಕೂತು ಗೇಮ್ ಸಾಮಾನಿನಿಂದಲೇ ಹುಟ್ಟಿಸಬಹುದು ಎಂದಾಗ ಸಂಗ್ರಹದ ಗೆಳೆಯರು ಯಾರೂ ಒಪ್ಪಲಿಲ್ಲ. ಮಾಲು ಸಿಗುವುದೂ ಬೆಂಗಳೂರಿನಲ್ಲಿ, ಕೊಳ್ಳುವವರು ಇರುವುದೂ ಬೆಂಗಳೂರಿನಲ್ಲಿ, ಇಲ್ಲೇನಿದೆ ಅನ್ನುವುದು ಅವರ ವಾದ. ಈಗ ಎರಡು ವರ್ಷದ ಮೇಲಾಯಿತು. ಶೆಲ್ಫಿಗೆ ಬಂದ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2) ಡಿಸ್ಕ್‌ಗಳಿಗಾಗಲಿ, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗಾಗಲಿ, ಗೇಮ್‌ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ಗಳಿಗಾಗಲಿ ಸಂಬಳದ ಒಂದು ರೂಪಾಯಿಯೂ ಹೋಗಿಲ್ಲ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಒಟ್ಟಿಗೆ ಬರೆದಿದ್ದೇನೆ. ಬೆಸುಗೆ ಹಾಕಲು, ಕಂಟ್ರೋಲರ್ ಬಿಚ್ಚಲು ಬರುತ್ತದೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ದುಡ್ಡಿನ ಮುಕ್ಕಾಲು ಪಾಲು ಬರುವುದು ಡ್ರಿಫ್ಟ್ ಆದ, ಅಂದರೆ ಸ್ಟಿಕ್ ಮುಟ್ಟದಿದ್ದರೂ ಸರಿಸಿದಂತೆ ತೋರಿಸುವ ಕಂಟ್ರೋಲರ್‌ಗಳಿಂದ. ಉಳಿದದ್ದು ಬಂಡಲ್ (ಒಟ್ಟಿಗೆ ಮಾರುವ ಕನ್ಸೋಲ್, ಕಂಟ್ರೋಲರ್, ಡಿಸ್ಕ್) ಒಡೆದು ಮಾರುವುದರಿಂದ. ಕನ್ಸೋಲ್ ರಿಪೇರಿ ಮಾಡಿ ಮಾರಿದರೆ ಹೆಚ್ಚು ಸಿಗುತ್ತದೆ ಎಂದು ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲಿಯೇ ಸೋಲುತ್ತಾರೆ. ಕನ್ಸೋಲ್‌ನಲ್ಲಿ ಬಂಡವಾಳ ಸಿಕ್ಕಿಕೊಳ್ಳುತ್ತದೆ. ಕಂಟ್ರೋಲರ್‌ನಲ್ಲಿ ನಾನೂರು ರೂಪಾಯಿ ಹಾಕಿದರೆ ವಾರದೊಳಗೆ ತಿರುಗಿ ಕೈಗೆ ಬರುತ್ತದೆ.

ಮೊದಲು ಮಾಲು. ಡ್ರಿಫ್ಟ್ ಆದ ಅಸಲಿ ಡ್ಯುಯಲ್‌ಶಾಕ್ 4 (ಪಿಎಸ್4ರ ಕಂಟ್ರೋಲರ್) ಮುನ್ನೂರೈವತ್ತರಿಂದ ಐನೂರರ ಒಳಗೆ ಸಿಗಬೇಕು, ಅದಕ್ಕಿಂತ ಮೇಲೆ ಹೋದರೆ ಬಿಡಿ. ಡ್ಯುಯಲ್‌ಸೆನ್ಸ್ (ಪಿಎಸ್5ರ ಕಂಟ್ರೋಲರ್) ಆದರೆ ಸಾವಿರದ ಇನ್ನೂರು, ಹೆಚ್ಚೆಂದರೆ ಸಾವಿರದ ಐನೂರು. 'ಆನ್ ಆಗತ್ತೆ ಸರ್, ಪ್ಲೇಯರ್ ತಾನೇ ಓಡ್ತಾನೆ ಅಷ್ಟೇ' ಅನ್ನುವ ಮಾಲೇ ಬೇಕಾದದ್ದು. 'ಆನೇ ಆಗಲ್ಲ' ಅನ್ನುವುದನ್ನು ನೂರು ರೂಪಾಯಿಗೆ ಕೊಟ್ಟರೆ ಮಾತ್ರ ಬಿಡಿಭಾಗಕ್ಕೆ ತೆಗೆದುಕೊಳ್ಳಿ. ಮೇ-ಜೂನ್‌ನಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್ ಹುಡುಗರು ಹಾಸ್ಟೆಲ್, ಪೇಯಿಂಗ್ ಗೆಸ್ಟ್ ಖಾಲಿ ಮಾಡುವಾಗ ಮೈಸೂರಿನಲ್ಲೂ ಮಂಡ್ಯದಲ್ಲೂ ಒಟ್ಟಿಗೆ ಮಾಲು ಬರುತ್ತದೆ. ಮಂಡ್ಯದಲ್ಲಿ ಕೊಳ್ಳುವ ಪೈಪೋಟಿ ಕಡಿಮೆ, ರೈಲಿನ ಖರ್ಚೂ ಕಡಿಮೆ, ಆದ್ದರಿಂದ ಅಲ್ಲಿನ ಆನ್‌ಲೈನ್ ಜಾಹೀರಾತು ಮೊದಲು ನೋಡುತ್ತೇನೆ. ಮಾರುವ ಹುಡುಗರು 'ಕಂಟ್ರೋಲರ್' ಎಂದು ಬರೆಯುವುದು ಅಪರೂಪ. 'ರಿಮೋಟ್', 'ಜಾಯ್‌ಸ್ಟಿಕ್' ಎಂದು ಹುಡುಕಿ, ತಪ್ಪು ಸ್ಪೆಲ್ಲಿಂಗ್‌ನಲ್ಲೂ ಹುಡುಕಿ. ಇನ್ನೊಂದು ಮೂಲದಿಂದ ನನಗೆ ಒಟ್ಟೊಟ್ಟಿಗೆ ಚೀಲದಲ್ಲೇ ಬರುತ್ತದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ನಕಲಿ ಡ್ಯುಯಲ್‌ಶಾಕ್ 4 ಗುರುತಿಸದಿದ್ದರೆ ಈ ಕೆಲಸ ಬೇಡ. ಹೊರಗಿನ ಅಚ್ಚು ಈಗ ಎಷ್ಟು ಚೆನ್ನಾಗಿ ಬರುತ್ತದೆಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಒಳಗೆ ಬೋರ್ಡ್ ಮೇಲೆ ಜೆಡಿಎಂ ಎಂದು ಶುರುವಾಗುವ ನಂಬರ್ ಇರಬೇಕು. ಕೊಳ್ಳುವ ಜಾಗದಲ್ಲಿ ಬಿಚ್ಚಲು ಬಿಡುವುದಿಲ್ಲವಾದ್ದರಿಂದ ಲ್ಯಾಪ್‌ಟಾಪ್ ಒಯ್ಯಿರಿ. ಕ್ರೋಮ್ ಬ್ರೌಸರ್‌ನಲ್ಲಿ ನಡೆಯುವ ಡ್ಯುಯಲ್‌ಶಾಕ್ ಕ್ಯಾಲಿಬ್ರೇಶನ್ (ಸ್ಟಿಕ್‌ನ ಅಳತೆ ಹೊಂದಿಸುವ) ಪುಟ ತೆರೆದು ಕಂಟ್ರೋಲರ್‌ಗೆ ಕೇಬಲ್ ಹಾಕಿದರೆ ಅದು ನಕಲಿಯನ್ನು ನಕಲಿ ಎಂದೇ ತೋರಿಸುತ್ತದೆ. ಕೇಬಲ್ ಡೇಟಾ ಕೇಬಲ್ ಆಗಿರಲಿ. ಚಾರ್ಜ್ ಮಾತ್ರ ಆಗುವ ಕೇಬಲ್ ಹಾಕಿಕೊಂಡು ಒಳ್ಳೆಯ ಮಾಲನ್ನು ಸತ್ತದ್ದು ಎಂದು ಬಿಟ್ಟು ಬಂದವರಿದ್ದಾರೆ.

ಇನ್ನು ರಿಪೇರಿ. ಸ್ಟಿಕ್ ಎಷ್ಟು ಸರಿಯಿತು ಎಂದು ಅಳೆಯುವ ಒಳಗಿನ ಪೊಟೆನ್ಶಿಯೋಮೀಟರ್‌ನ ಕಾರ್ಬನ್ ಪಟ್ಟಿ ನಡುಭಾಗದಲ್ಲಿ ಸವೆದು ಡ್ರಿಫ್ಟ್ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಧೂಳಿನಿಂದ ಬಂದ ಡ್ರಿಫ್ಟ್ ಹೋಗುತ್ತದೆ, ಸವೆತದಿಂದ ಬಂದದ್ದು ಕೆಲವು ವಾರಕ್ಕೆ ಮರಳಿ ಬರುತ್ತದೆ. ಕ್ಲೀನರ್ ಹೊಡೆದು ಮಾರುವವರು ಹೆಸರು ಕೆಡಿಸಿಕೊಂಡದ್ದೇ ಇದರಿಂದ. ಮಲ್ಟಿಮೀಟರ್ ಇಟ್ಟು ನೋಡಿ: ಸ್ಟಿಕ್ ನಡುವೆ ನಿಂತಾಗ ಪೊಟೆನ್ಶಿಯೋಮೀಟರ್‌ನ ಮಧ್ಯದ ಪಿನ್‌ನಿಂದ ಎರಡೂ ಕಡೆಗೆ ಹೆಚ್ಚುಕಡಿಮೆ ಒಂದೇ ಓಮ್ ಅಂಕಿ ಬರಬೇಕು. ನಿಧಾನಕ್ಕೆ ಸರಿಸುವಾಗ ಅಂಕಿ ಜಿಗಿದರೆ ಪಟ್ಟಿ ಸವೆದಿದೆ, ಮಾಡ್ಯೂಲ್ (ಸ್ಟಿಕ್‌ನ ಇಡೀ ಬಿಡಿಭಾಗ) ಬದಲಿಸಲೇಬೇಕು.

ಒಂದು ಮಾಡ್ಯೂಲ್‌ಗೆ 14 ಬೆಸುಗೆ: ಎರಡು ಪೊಟೆನ್ಶಿಯೋಮೀಟರ್‌ಗೆ ಮೂರು ಮೂರು, ಗುಂಡಿಗೆ ನಾಲ್ಕು, ಲೋಹದ ಕಾಲು ನಾಲ್ಕು. ಕಷ್ಟ ಕೊಡುವುದು ಕಾಲುಗಳು, ಯಾಕೆಂದರೆ ಅವು ಗ್ರೌಂಡ್‌ಗೆ ಸೇರಿವೆ, ಇಡೀ ಬೋರ್ಡ್ ಶಾಖ ಹೀರುತ್ತದೆ. 25 ವ್ಯಾಟ್‌ನ ಸಾದಾ ಐರನ್‌ನಲ್ಲಿ ಇದು ಆಗುವುದಿಲ್ಲ. ಸೋಲ್ಡರ್ ಕರಗದೆ ಎಳೆದಾಡಿ ತೂತಿನ ಒಳಗಿನ ತಾಮ್ರದ ಕೊಳವೆಯೇ ಪಿನ್ ಜೊತೆ ಕಿತ್ತು ಬರುತ್ತದೆ, ಆಮೇಲೆ ಬೋರ್ಡ್ ಬಿಸಾಡಬೇಕು. ಶಾಖ ಹೊಂದಿಸಬಹುದಾದ ಸ್ಟೇಷನ್ ಇರಲಿ, 350 ಡಿಗ್ರಿ, ಅಗಲ ಉಳಿ ತುದಿ. ಹಳೆಯ ಬೆಸುಗೆಗೆ ಮೊದಲು ಹೊಸ 60/40 ಸೋಲ್ಡರ್ ಬೆರೆಸಿ, ಫ್ಲಕ್ಸ್ ಧಾರಾಳವಾಗಿ ಹಾಕಿ. ಬಿಸ್ಮತ್ ಇರುವ ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹ ಸಿಕ್ಕಿದರೆ ಕೆಲಸ ಅರ್ಧ ಹಗುರ. ಆದರೆ ಹೊಸ ಮಾಡ್ಯೂಲ್ ಹಾಕುವ ಮೊದಲು ಅದನ್ನು ವಿಕ್‌ನಿಂದ (ಸೋಲ್ಡರ್ ಹೀರುವ ತಾಮ್ರದ ಜಡೆ) ಪೂರ್ತಿ ತೆಗೆಯಿರಿ, ಉಳಿದರೆ ಬೆಸುಗೆ ಗಡುಸಾಗಿ ಬಿರುಕು ಬಿಡುತ್ತದೆ. ಮಾಡ್ಯೂಲ್ ಹೇಗೂ ಬಿಸಾಡುವುದೇ. ಅದನ್ನು ಇಡಿಯಾಗಿ ಎತ್ತಲು ಹೋಗದೆ ಪೊಟೆನ್ಶಿಯೋಮೀಟರ್‌ಗಳನ್ನು ಕಟರ್‌ನಿಂದ ಕತ್ತರಿಸಿ, ಪಿನ್‌ಗಳನ್ನು ಒಂದೊಂದಾಗಿ ಎಳೆಯಿರಿ. ನಿಧಾನ ಅನಿಸಿದರೂ ಬೋರ್ಡ್ ಉಳಿಯುತ್ತದೆ. ಹಾಟ್ ಏರ್ ಹೊಡೆಯುವವರ ಬೋರ್ಡ್‌ಗಳಲ್ಲಿ ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್ ಕರಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಡ್ಯುಯಲ್‌ಶಾಕ್ 4ಕ್ಕೆ ಸಾಮಾನ್ಯ ಆಲ್ಪ್ಸ್ ಕಂಪನಿಯ ಮಾದರಿಯ ಮಾಡ್ಯೂಲ್ ಸಾಕು, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಿದರೆ ಒಂದಕ್ಕೆ ಎಪ್ಪತ್ತು-ಎಂಬತ್ತು. ಡ್ಯುಯಲ್‌ಸೆನ್ಸ್‌ಗೆ ಕಾಂತದಿಂದ ನಡೆಯುವ ಟಿಎಂಆರ್ ಮಾಡ್ಯೂಲ್ ಹಾಕುತ್ತೇನೆ, ಜೋಡಿಗೆ ಐನೂರರ ಆಸುಪಾಸು. ಕಾಂತದ್ದೇ ಇನ್ನೊಂದು ಬಗೆಯಾದ ಹಾಲ್ ಎಫೆಕ್ಟ್‌ನದೂ ಆಗುತ್ತದೆ, ಆದರೆ ಅದು ಬ್ಯಾಟರಿ ಹೆಚ್ಚು ಎಳೆಯುತ್ತದೆ. ಉಜ್ಜುವ ಪಟ್ಟಿಯೇ ಇಲ್ಲದ್ದರಿಂದ ಸವೆತದ ಮಾತಿಲ್ಲ, 'ಇನ್ನು ಡ್ರಿಫ್ಟ್ ಬರಲ್ಲ' ಎಂದು ಧೈರ್ಯವಾಗಿ ಹೇಳಿ ಇನ್ನೂರು-ಮುನ್ನೂರು ಹೆಚ್ಚಿಗೆ ಕೇಳಬಹುದು. ಹಾಕಿದ ಮೇಲೆ ಕ್ಯಾಲಿಬ್ರೇಶನ್ ಮಾಡಿ: ಮೊದಲು ನಡು, ಆಮೇಲೆ ಅಂಚು. ಮಾಡಿದ್ದನ್ನು ಕಾಯಂ ಆಗಿ ಉಳಿಸುವ ಆಯ್ಕೆ ಒತ್ತದೆ ಬಿಟ್ಟರೆ ಕಂಟ್ರೋಲರ್ ಆರಿಸಿ ಹಚ್ಚುವಾಗ ಎಲ್ಲ ಹೋಗಿರುತ್ತದೆ, ಕೊಂಡವರು ಮರುದಿನವೇ ಫೋನ್ ಮಾಡುತ್ತಾರೆ. ಸ್ಟಿಕ್ಕನ್ನು ಸುತ್ತ ತಿರುಗಿಸಿ ವೃತ್ತ ನೋಡುವಾಗ ಸರಾಸರಿ ತಪ್ಪು ಶೇಕಡಾ ಹತ್ತರೊಳಗೆ ಬಂದರೆ ನಾನು ಕಳಿಸುತ್ತೇನೆ. ಟಿಎಂಆರ್‌ನಲ್ಲಿ ನಡು ಇನ್ನೂ ಬಿಗಿಯಾಗಿ ನಿಲ್ಲಿಸುವ ಒಂದು ಸಣ್ಣ ಉಪಾಯ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬಿಚ್ಚಿದ ಮೇಲೆ ಇನ್ನೆರಡು ಕೆಲಸ ಮುಗಿಸಿಬಿಡಿ. ಡ್ಯುಯಲ್‌ಶಾಕ್ 4ರಲ್ಲಿ ಗುಂಡಿಗಳು ಒಮ್ಮೆ ಒತ್ತಿ ಒಮ್ಮೆ ಒತ್ತದಿದ್ದರೆ ಫಿಲ್ಮ್ ಕನೆಕ್ಟರ್ ಹಿಂದಿನ ಫೋಮ್ ಚಪ್ಪಟೆಯಾಗಿರುತ್ತದೆ, ಎರಡು ಪದರ ಟೇಪ್ ಹಾಕಿ ಎತ್ತರಿಸಿದರೆ ಸರಿ. ಚಾರ್ಜ್ ಆಗದಿದ್ದರೆ ಮೈಕ್ರೋ ಯುಎಸ್‌ಬಿ ಇರುವ ಸಣ್ಣ ಬೋರ್ಡ್ ಬದಲಿಸಿ, ನೂರು ರೂಪಾಯಿ. ಅದರಲ್ಲಿ 12 ಪಿನ್ ಮತ್ತು 14 ಪಿನ್ ಎಂದು ಎರಡು ಬಗೆ, ಹಳೆಯದನ್ನು ಕೈಯಲ್ಲಿ ಹಿಡಿದೇ ಹೊಸದು ಆರ್ಡರ್ ಮಾಡಿ. ಡ್ಯುಯಲ್‌ಸೆನ್ಸ್‌ನಲ್ಲಿ ಟೈಪ್-ಸಿ ಪೋರ್ಟ್ ಮುಖ್ಯ ಬೋರ್ಡಿಗೇ ಬೆಸೆದಿರುವುದರಿಂದ ಪೋರ್ಟ್ ಅಲ್ಲಾಡುವ ಮಾಲಿಗೆ ಕೊಳ್ಳುವಾಗಲೇ ಐನೂರು ಇಳಿಸಿ. ಡ್ಯುಯಲ್‌ಶಾಕ್ 4ರ ಅಸಲಿ ಬ್ಯಾಟರಿ 1000 ಎಂಎಎಚ್. 2000 ಎಂದು ಬರೆದು ಅದೇ ಗಾತ್ರದಲ್ಲಿ ಮಾರುವುದನ್ನು ನಂಬಬೇಡಿ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಡ್ಯುಯಲ್‌ಶಾಕ್ 4: ಕೊಂಡದ್ದು ನಾನೂರು, ಮಾಡ್ಯೂಲ್ ನೂರೈವತ್ತು, ಸ್ಟಿಕ್‌ನ ರಬ್ಬರ್ ಟೋಪಿ, ಫ್ಲಕ್ಸ್, ಒರೆಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸೇರಿ ಐವತ್ತು. ಒಂದು ತಿಂಗಳ ಗ್ಯಾರಂಟಿ ಕೊಟ್ಟು ಸಾವಿರದ ಆರುನೂರಕ್ಕೆ ಮಾರಿದರೆ ಸಾವಿರ ಉಳಿಯುತ್ತದೆ. ಡ್ಯುಯಲ್‌ಸೆನ್ಸ್‌ನಲ್ಲಿ ಉಳಿಯುವುದು ಸಾವಿರದ ಇನ್ನೂರರಿಂದ ಸಾವಿರದ ಐನೂರು. ಬೇರೆಯವರ ಕಂಟ್ರೋಲರ್ ರಿಪೇರಿ ಮಾತ್ರ ಮಾಡಿಕೊಟ್ಟರೆ ಆರುನೂರರಿಂದ ಸಾವಿರ. ಒಳ್ಳೆಯ ತಿಂಗಳು ಎಂಟು-ಹತ್ತು ಸಾವಿರ, ಪರೀಕ್ಷೆಯ ತಿಂಗಳು ಎರಡು ಸಾವಿರ ಬಂದರೂ ಹೆಚ್ಚು. ದಸರಾ ರಜೆಯಿಂದ ದೀಪಾವಳಿವರೆಗೆ ಇಟ್ಟದ್ದೆಲ್ಲ ಹೋಗುತ್ತದೆ, ಆಗಸ್ಟ್‌ನಲ್ಲೇ ರಿಪೇರಿ ಮಾಡಿ ಸಾಲಾಗಿ ಇಟ್ಟುಕೊಂಡಿರಬೇಕು. ಗ್ಯಾರಂಟಿ ಕೊಡುವುದಕ್ಕೆ ಎಲ್ಲರೂ ಹೆದರುತ್ತಾರೆ. ಮೈಸೂರಿನಲ್ಲಿ ಮಾರುವುದರ ಲಾಭವೇ ಅದು: ಕೊಂಡವರು ಕುವೆಂಪುನಗರದಿಂದ ಸ್ಕೂಟರ್‌ನಲ್ಲಿ ಬಂದು ತೋರಿಸಬಹುದು, ಆ ನಂಬಿಕೆಗೆ ಬೆಂಗಳೂರಿನ ಕೊರಿಯರ್ ಮಾಲಿಗಿಂತ ಹೆಚ್ಚು ಕೊಡುತ್ತಾರೆ.

ಕೈ ಹಾಕಬಾರದ್ದು: ಮೊದಲ ತಲೆಮಾರಿನ ದಪ್ಪ ಪಿಎಸ್3, ಕೆಂಪು ಉಂಗುರ ತೋರಿಸುವ ಎಕ್ಸ್‌ಬಾಕ್ಸ್ 360. ಎಕ್ಸ್‌ಬಾಕ್ಸ್‌ನ ತೊಂದರೆ ಗ್ರಾಫಿಕ್ಸ್ ಚಿಪ್‌ನ ಒಳಗಿನ ಸಂಪರ್ಕಗಳಲ್ಲಿ, ಹೊರಗಿನ ಬೆಸುಗೆಯಲ್ಲಿ ಅಲ್ಲ. ಹೀಟ್ ಗನ್ ಹಿಡಿದರೆ ಕೆಲವು ದಿನ ಜೀವ ಬರುತ್ತದೆ, ಮತ್ತೆ ಸಾಯುತ್ತದೆ. ಅಂಥದ್ದನ್ನು ಮಾರುವುದು ಮೋಸ. ಹಳೆಯ ದಪ್ಪ ಪಿಎಸ್4ರ ಡಿಸ್ಕ್ ಡ್ರೈವ್ ಕೆಟ್ಟಿದ್ದರೆ ಡ್ರೈವ್‌ನ ಬೋರ್ಡ್ ಬದಲಿಸುವಂತಿಲ್ಲ, ಅದು ಮದರ್‌ಬೋರ್ಡಿಗೆ ಜೋಡಿಯಾಗಿರುತ್ತದೆ. ಹಳೆಯ ಬೋರ್ಡ್ ಉಳಿಸಿಕೊಂಡು ಲೇಸರ್ ಮಾತ್ರ ಬದಲಿಸಿ. ಅಮೆರಿಕದಿಂದ ಬಂದ 120 ವೋಲ್ಟ್ ಅಡಾಪ್ಟರ್‌ನ ಹಳೆಯ ನಿಂಟೆಂಡೊಗಳನ್ನು ಇಲ್ಲಿನ ಪ್ಲಗ್‌ಗೆ ಹಾಕಿ ಸುಟ್ಟು ಆಮೇಲೆ 'ಟೆಸ್ಟ್ ಮಾಡಿಲ್ಲ' ಎಂದು ಮಾರುವವರೂ ಇದ್ದಾರೆ.

ಬಂಡಲ್ ವಿಷಯ ಸುಲಭ. ಪಿಎಸ್4, ಎರಡು ಕಂಟ್ರೋಲರ್, ಎಂಟು-ಹತ್ತು ಡಿಸ್ಕ್ ಒಟ್ಟಿಗೆ ಹನ್ನೆರಡು ಸಾವಿರಕ್ಕೆ ಬರುತ್ತದೆ. ಮಾರುವವರ ಮನೆಯಲ್ಲೇ ಆನ್‌ಲೈನ್ ಲಾಗಿನ್ ಆಗುತ್ತದೆಯೇ, ಎಚ್‌ಡಿಎಂಐ ಪೋರ್ಟ್‌ನ ಪಿನ್ ಬಾಗಿದೆಯೇ, ಡಿಸ್ಕ್ ನುಂಗಿ ಉಗುಳುತ್ತದೆಯೇ ನೋಡಿ. ಬಿಡಿಯಾಗಿ ಮಾರಿದರೆ ಮೂರು ಸಾವಿರ ಮೇಲೆ ಬರುತ್ತದೆ, ಜೊತೆಗೆ ನನಗೆ ಬೇಕಾದ ಡಿಸ್ಕ್ ಪುಕ್ಕಟೆ ಉಳಿಯುತ್ತದೆ. ಡಿಸ್ಕ್ ಡ್ರೈವ್ ಇರುವ ಪಿಎಸ್5ರಲ್ಲೂ ಪಿಎಸ್4 ಡಿಸ್ಕ್ ಓಡುವುದರಿಂದ ಬೆಲೆ ಇನ್ನೂ ಬಿದ್ದಿಲ್ಲ. ವರ್ಷಕ್ಕೊಂದು ಬರುವ ಫುಟ್‌ಬಾಲ್ ಗೇಮ್‌ಗಳಿಗೆ ಮಾತ್ರ ಬೆಲೆ ಕಟ್ಟಬೇಡಿ, ಹೊಸದು ಬಂದ ದಿನ ಹಳೆಯದನ್ನು ಯಾರೂ ಕೇಳುವುದಿಲ್ಲ.

ಪಕ್ಕದ ಪ್ರಯೋಗಗಳಲ್ಲಿ ಡಿಸ್ಕ್ ಪಾಲಿಶ್ ಫಲ ಕೊಟ್ಟಿತು. ಡಿವಿಡಿಯಲ್ಲಿ ಮಾಹಿತಿ 0.6 ಮಿಲಿಮೀಟರ್ ಒಳಗೆ, ಎರಡು ತಟ್ಟೆಗಳ ನಡುವೆ ಇದೆ, ಆದ್ದರಿಂದ ಪಿಎಸ್2 ಡಿವಿಡಿಯ ಗೀರನ್ನು ತೆಗೆಯಬಹುದು. 2000 ನಂಬರ್ ನೀರು ಕಾಗದ, ಆಮೇಲೆ 3000, ಕೊನೆಗೆ ಕಾರಿನ ಪಾಲಿಶ್ ಕಾಂಪೌಂಡ್. ಕೈ ಯಾವಾಗಲೂ ನಡುವಿನಿಂದ ಅಂಚಿಗೆ. ಬ್ಲೂ-ರೇಯಲ್ಲಿ ಮೇಲಿನ ಪದರ 0.1 ಮಿಲಿಮೀಟರ್ ಮಾತ್ರ, ಪಿಎಸ್3, ಪಿಎಸ್4 ಡಿಸ್ಕನ್ನು ಉಜ್ಜಿದರೆ ಕೆಡುತ್ತದೆ. ಹೊಳಪು ಬಂದ ಮಾತ್ರಕ್ಕೆ ಒಪ್ಪಬೇಡಿ, ಕಂಪ್ಯೂಟರ್ ಡ್ರೈವ್‌ನಲ್ಲಿ ಡಿಸ್ಕ್ ಪೂರ್ತಿ ಓದಿಸಿ.

ಹಳದಿಯಾದ ಪ್ಲಾಸ್ಟಿಕ್ ಬಿಳುಪು ಮಾಡುವುದು ದುಡ್ಡಿನ ದೃಷ್ಟಿಯಿಂದ ಬೇಡ. ಪಾರ್ಲರ್ ಸಾಮಾನಿನ ಅಂಗಡಿಯ 12 ಶೇಕಡಾ ಪೆರಾಕ್ಸೈಡ್ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ತಾರಸಿಯ ಬಿಸಿಲಿಗಿಟ್ಟರೆ ಬಿಳುಪಾಗುತ್ತದೆ. ಮಾರ್ಚ್-ಏಪ್ರಿಲ್‌ನ ಬಿಸಿಲಿಗೆ ಕ್ರೀಮ್ ಬೇಗ ಒಣಗಿ ಪಟ್ಟೆಪಟ್ಟೆ ಬೀಳುತ್ತದೆ, ಗಂಟೆಗೊಮ್ಮೆ ತಿರುಗಿಸಿ ಮತ್ತೆ ಹಚ್ಚಬೇಕು. ಇಷ್ಟು ಮಾಡಿದರೂ ಹಳದಿ ನಿಧಾನಕ್ಕೆ ಮರಳಬಹುದು. ನನ್ನ ಶೆಲ್ಫಿಗೆ ಮಾತ್ರ ಮಾಡುತ್ತೇನೆ.

ಬಂದ ದುಡ್ಡಿಗೆ ಬೇರೆಯೇ ಬ್ಯಾಂಕ್ ಖಾತೆ. ಅರ್ಧ ಮುಂದಿನ ಮಾಲಿಗೆ, ಸ್ವಲ್ಪ ಗ್ಯಾರಂಟಿ ವಾಪಸಿಗೆ, ಉಳಿದದ್ದು ಸಂಗ್ರಹಕ್ಕೆ. ಅದರಲ್ಲಿ ಮೊದಲ ಪಾಲು ನಮ್ಮ ದೇಶದ ಪಿಎಸ್2 ಗೇಮ್‌ಗಳಿಗೆ: ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಬಂದ 'ಹನುಮಾನ್: ಬಾಯ್ ವಾರಿಯರ್', ಕಬಡ್ಡಿ, ಗಿಲ್ಲಿದಾಂಡು, ಗಾಳಿಪಟ ಇರುವ 'ದೇಸಿ ಅಡ್ಡಾ'. ಇಲ್ಲಿ ಇವನ್ನು ಡಬ್ಬಿ ಸಮೇತ ಹಳೆಯ ಸಾಮಾನಿನ ಜೊತೆ ಇನ್ನೂರು-ಮುನ್ನೂರಕ್ಕೆ ಕೊಡುತ್ತಾರೆ. ಪಿಎಸ್2 ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿಯ) ಡಿಸ್ಕ್ ಪೂರ್ತಿ ಕೂಡಿಸುವ ಹೊರದೇಶದವರಿಗೆ ಇವು ಸುಲಭಕ್ಕೆ ಸಿಗುವುದಿಲ್ಲ. ಎರಡನೇ ಪ್ರತಿ ಸಿಕ್ಕಿದರೆ ಬಿಡಬೇಡಿ, ಅವರ ಬಳಿ ಅದಲುಬದಲಿಗೆ ಅದೇ ನಾಣ್ಯ. ಕೊಳ್ಳುವಾಗ ಡಿಸ್ಕ್‌ನ ಹಿಂಭಾಗ ನೋಡಿ: ನೇರಳೆ ಛಾಯೆ ಇದ್ದರೆ ಕಂಪ್ಯೂಟರ್‌ನಲ್ಲಿ ಬರೆದ ನಕಲಿ ಕಾಪಿ, ಅಸಲಿಯಲ್ಲಿ ಒಳ ಉಂಗುರದ ಮೇಲೆ ಎಸ್‌ಸಿಇಎಸ್ ಅಥವಾ ಎಸ್‌ಎಲ್‌ಇಎಸ್ ಸಂಕೇತ ಅಚ್ಚಾಗಿರುತ್ತದೆ. ಅದು ಕವರ್‌ನ ಬೆನ್ನ ಮೇಲಿನ ಸಂಕೇತಕ್ಕೆ ಹೊಂದಬೇಕು, ಕೈಪಿಡಿಯೂ ಒಳಗೇ ಇರಬೇಕು.