ತೀರ್ಥಹಳ್ಳಿ ಮಳೆಗೆ ತಡೆದ ವ್ಯಾಕ್ಸ್

ಮೊದಲು ಕಾರಿಗೆ ಹಚ್ಚಿದ್ದು ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ಬರುವ ಮೇಣ ಅದು. ಹೊಳಪೇನೋ ಕನ್ನಡಿಯೇ. ಆದರೆ ತೀರ್ಥಹಳ್ಳಿ ಮಳೆ ಹಿಡಿದು ಮೂರು ವಾರಕ್ಕೆ ಬಾನೆಟ್ ಮೇಲೆ ನೀರು ಮಣಿ ಕಟ್ಟುವುದು ನಿಂತು, ಸುಮ್ನೆ ಹರಡತೊಡಗಿತು. ವ್ಯಾಕ್ಸ್ ಹೋಯ್ತು ಅಂತಲೇ ಅರ್ಥ.

ಈ ವರ್ಷ ಮೇ ತಿಂಗಳಲ್ಲಿ ಸಿಂಥೆಟಿಕ್ ಸೀಲಂಟ್, ಅಂದರೆ ಕೃತಕ ವ್ಯಾಕ್ಸ್ ತಂದೆ. ಅಸಲಿ ಕೆಲಸ ಇದ್ದದ್ದು ಅದಕ್ಕೂ ಮುಂಚೆ. ಕಾರು ತೊಳೆದ ಮೇಲೂ ಬಾಗಿಲ ಮೇಲೆ ಕೈಯಾಡಿಸಿದರೆ ತರಿತರಿ! ಶಾಂಪೂ ನೀರು ಚಿಮುಕಿಸುತ್ತಾ ಕ್ಲೇ ಬಾರ್ ಉಜ್ಜಿದೆ; ಪೇಂಟಿಗೆ ಅಂಟಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆ ಉಂಡೆ ಅದು. ಉಂಡೆ ಕಂದು ಬಣ್ಣಕ್ಕೆ ತಿರುಗಿತು. ಒಣಗಿಸಿ, ನೆರಳಲ್ಲಿ ಸೀಲಂಟ್ ತೆಳ್ಳಗೆ ಹಚ್ಚಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದೆ. ದಪ್ಪ ಹಚ್ಚಿದರೆ ಜಾಸ್ತಿ ಬಾಳಿಕೆ ಬರುವುದಿಲ್ಲ, ಒರೆಸುವಾಗ ಕೈ ಸೋಲುತ್ತದೆ ಅಷ್ಟೇ.

ದಸರಾ ಬಂತು. ಹನಿಗಳು ಇನ್ನೂ ಕೆಸುವಿನ ಎಲೆ ಮೇಲಿನಂತೆ ಉರುಳುತ್ತಿವೆ.