ಸಿ ಭಾಷೆಯ ಆಳಕ್ಕಿಳಿಯಲು ಪುಸ್ತಕ ಆರಿಸುವುದು ಹೇಗೆ?

ನಾಲ್ಕಾರು ಪ್ರೋಗ್ರಾಂ ಬರೆದು ಪರೀಕ್ಷೆ ಪಾಸು ಮಾಡಲು ಯಾವ ಪುಸ್ತಕವಾದರೂ ನಡೆಯುತ್ತದೆ. ಆದರೆ ಸಿ ಭಾಷೆಯಲ್ಲಿ ಪಳಗಿ ಮುಂದೆ ಆಪರೇಟಿಂಗ್ ಸಿಸ್ಟಂ ಅಥವಾ ಎಂಬೆಡೆಡ್ (ಉಪಕರಣಗಳೊಳಗೆ ಅಡಗಿರುವ ಕಂಪ್ಯೂಟರುಗಳ) ಕ್ಷೇತ್ರದಲ್ಲಿ ದುಡಿಯಬೇಕೆನ್ನುವವರು ಅಂಗಡಿಯಲ್ಲೇ ಪುಟ ತಿರುವಿ, ಕೆಲವು ವಿಷಯಗಳನ್ನು ಪರೀಕ್ಷಿಸಿಯೇ ಪುಸ್ತಕ ಕೊಳ್ಳುವುದು ಒಳ್ಳೆಯದು.

ಮೊದಲು ನೋಡಬೇಕಾದದ್ದು ಆವೃತ್ತಿಯ ವರ್ಷವನ್ನು, ಮರುಮುದ್ರಣದ ವರ್ಷವನ್ನಲ್ಲ. ಸಿ ಭಾಷೆಯ ಮೊದಲ ಸ್ಟ್ಯಾಂಡರ್ಡ್, ಅಂದರೆ ಭಾಷೆಯ ಅಧಿಕೃತ ನಿಯಮಾವಳಿ, 1989ರಲ್ಲಿ ಸಿದ್ಧವಾಯಿತು. 1999 ಮತ್ತು 2011ರಲ್ಲಿ ಅದಕ್ಕೆ ದೊಡ್ಡ ಪರಿಷ್ಕರಣೆಗಳಾದವು. ಪ್ರೋಗ್ರಾಂ ಬಳಸುವವನು ಎಷ್ಟು ಅಕ್ಷರ ಟೈಪ್ ಮಾಡಿದರೂ ತಡೆಯದೆ ಮೆಮೊರಿಗೆ ತುಂಬುವ ‘ಗೆಟ್ಸ್’ ಫಂಕ್ಷನ್ನನ್ನು 2011ರಲ್ಲಿ ಭಾಷೆಯಿಂದಲೇ ತೆಗೆದುಹಾಕಲಾಗಿದೆ. ಅದನ್ನು ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಕಲಿಸುವ ಪುಸ್ತಕವನ್ನು ಕೆಳಗಿಡಿ. ‘ವಾಯ್ಡ್ ಮೇನ್’, ‘ಕ್ಲಿಯರ್ ಸ್ಕ್ರೀನ್’, ‘ಇಂಟ್ ಎಂದರೆ ಎರಡು ಬೈಟ್’ ಎಂಬ ಪಾಠಗಳು ಕಂಡರೆ ಅದು ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದ ಟರ್ಬೊ ಸಿ ಕಂಪೈಲರನ್ನೇ (ಪ್ರೋಗ್ರಾಮನ್ನು ಯಂತ್ರಭಾಷೆಗೆ ಅನುವಾದಿಸುವ ತಂತ್ರಾಂಶ) ಭಾಷೆಯೆಂದು ತಿಳಿದು ಬರೆದದ್ದು ಎನ್ನಬಹುದು.

ನಂತರ ಅರೇ (ಒಂದೇ ಬಗೆಯ ಮೌಲ್ಯಗಳ ಸಾಲು) ಮತ್ತು ಪಾಯಿಂಟರ್ (ಮೆಮೊರಿಯ ವಿಳಾಸವನ್ನು ಹಿಡಿದಿಡುವುದು) ಅಧ್ಯಾಯವನ್ನು ನಿಧಾನವಾಗಿ ಓದಿ; ಪುಸ್ತಕದ ನಿಜವಾದ ಯೋಗ್ಯತೆ ತಿಳಿಯುವುದು ಇಲ್ಲಿಯೇ. ಹತ್ತು ಇಂಟ್‌ಗಳ (ಪೂರ್ಣಾಂಕಗಳ) ಅರೇಯೊಂದಕ್ಕೆ, ಮೆಮೊರಿಯಲ್ಲಿ ಎಷ್ಟು ಬೈಟ್ ಹಿಡಿಯುತ್ತದೆಂದು ತಿಳಿಸುವ ‘ಸೈಜ್‌ಆಫ್’ ಬಳಸಿದರೆ ಇಂದಿನ ಸಾಮಾನ್ಯ 64 ಬಿಟ್ ಕಂಪ್ಯೂಟರಿನಲ್ಲಿ 40 ಬರುತ್ತದೆ. ಅದೇ ಅರೇಯನ್ನು ಫಂಕ್ಷನ್ನಿಗೆ ಕಳಿಸಿ ಒಳಗೆ ಅಳೆದರೆ 8 ಬರುತ್ತದೆ, ಏಕೆಂದರೆ ಒಳಗೆ ತಲುಪುವುದು ಮೊದಲ ಅಂಶದ ವಿಳಾಸ ಮಾತ್ರ. ‘ಅರೇ ಎಂದರೆ ಪಾಯಿಂಟರೇ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಲೇಖಕರ ಪುಸ್ತಕದಿಂದ ಈ ವ್ಯತ್ಯಾಸ ಎಂದಿಗೂ ತಿಳಿಯುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯಲ್ಲಿ ‘ಅನ್‌ಡಿಫೈನ್ಡ್ ಬಿಹೇವಿಯರ್’ ಇದೆಯೇ ಎಂದೂ ಹುಡುಕಿ: ಯಾವುದಕ್ಕೆ ಭಾಷೆ ಖಾತರಿ ಕೊಡುವುದಿಲ್ಲ ಎಂಬುದನ್ನು ಹೇಳದ ಪುಸ್ತಕ, ಆಳವಾಗಿ ಕಲಿಯುವವರಿಗೆ ಅರ್ಧ ಪುಸ್ತಕವಷ್ಟೇ.

ಓದಿನ ಕ್ರಮ ನಿಮ್ಮ ಹಿನ್ನೆಲೆಯನ್ನು ಅವಲಂಬಿಸುತ್ತದೆ. ಪ್ರೋಗ್ರಾಮಿಂಗ್ ಹೊಸತಾಗಿದ್ದರೆ ಕೆ. ಎನ್. ಕಿಂಗ್ ಅವರ ‘ಸಿ ಪ್ರೋಗ್ರಾಮಿಂಗ್: ಎ ಮಾಡರ್ನ್ ಅಪ್ರೋಚ್’ ಕೃತಿಯ 2008ರ ಎರಡನೇ ಆವೃತ್ತಿಯಿಂದ ಆರಂಭಿಸಿ, ಅದು 1999ರ ಸ್ಟ್ಯಾಂಡರ್ಡನ್ನು ಒಳಗೊಂಡಿದೆ, ಅಧ್ಯಾಯಗಳ ಕೊನೆಯಲ್ಲಿರುವ ಪ್ರಶ್ನೋತ್ತರಗಳು ಕಲಿಯುವವರ ಸಂದೇಹಗಳನ್ನು ಚೆನ್ನಾಗಿ ಬಲ್ಲವರು ಬರೆದಂತಿವೆ. ಬೇರೊಂದು ಭಾಷೆ ಈಗಾಗಲೇ ಬರುವವರು ಕರ್ನಿಘನ್ ಮತ್ತು ರಿಚಿ ಅವರ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಕೃತಿಯನ್ನೇ ಮೊದಲು ಹಿಡಿಯಬಹುದು. ಸಿ ಭಾಷೆಯನ್ನು ರೂಪಿಸಿದವರೇ ಡೆನಿಸ್ ರಿಚಿ. 1978ರ ಮೊದಲ ಆವೃತ್ತಿ ಬೇಡ, 1988ರ ಎರಡನೆಯದನ್ನು ಕೊಳ್ಳಿ. ಮುನ್ನೂರು ಪುಟವೂ ಇಲ್ಲದ ಈ ಪುಸ್ತಕದ ಜೀವಾಳ ಅದರ ಅಭ್ಯಾಸಗಳಲ್ಲಿದೆ. ಅವನ್ನು ಬಿಟ್ಟು ಓದಿದರೆ ಓದಿದಂತೆಯೇ ಅಲ್ಲ.

ಇವುಗಳಲ್ಲಿ ಒಂದನ್ನು ಮುಗಿಸಿದ ಮೇಲೆ ಪೀಟರ್ ವ್ಯಾನ್ ಡರ್ ಲಿಂಡೆನ್ ಅವರ 1994ರ ‘ಎಕ್ಸ್‌ಪರ್ಟ್ ಸಿ ಪ್ರೋಗ್ರಾಮಿಂಗ್’ ಓದಿ. ಅರೇ ಮತ್ತು ಪಾಯಿಂಟರುಗಳ ಭೇದವನ್ನು ಅಷ್ಟು ಬಿಡಿಸಿ ಹೇಳಿದ ಪುಸ್ತಕಗಳು ವಿರಳ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆಯ ಪ್ರತಿ ಸಿಕ್ಕರೂ ಸಂಕೋಚವಿಲ್ಲದೆ ಕೊಳ್ಳಬಹುದು, ಆವೃತ್ತಿಯೊಂದನ್ನು ಖಚಿತಪಡಿಸಿಕೊಂಡರೆ ಸಾಕು. ಓದುವಾಗ ಪ್ರತಿ ಉದಾಹರಣೆಯನ್ನೂ ಟೈಪ್ ಮಾಡಿ, ಕಂಪೈಲರಿನ ಎಲ್ಲ ಎಚ್ಚರಿಕೆಗಳೂ ಕಾಣುವಂತೆ ಇಟ್ಟುಕೊಂಡು ನಡೆಸಿ ನೋಡಿ. ಪುಸ್ತಕ ಒಂದು ಹೇಳಿ ಕಂಪೈಲರ್ ಮತ್ತೊಂದು ಹೇಳಿದಾಗ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ 2011ರ ಸ್ಟ್ಯಾಂಡರ್ಡಿನ ಅಂತಿಮ ಕರಡನ್ನು ತೆರೆದು ಸಂಬಂಧಿಸಿದ ಭಾಗವನ್ನು ಓದಿ.